ಬೀಳದ ಮನೆ

ಹಸಿ ಸುಣ್ಣದ ವಾಸನೆ ಎಲ್ಲಿ ಬಂದರೂ ನನಗೆ ದೊಡ್ಡವ್ವನ ಮನೆಯ ಕೊನೆಯ ದಿನ ನೆನಪಾಗುತ್ತದೆ. ದೊಡ್ಡವ್ವ ಎಂದರೆ ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ಬೇಗ ತೀರಿಹೋಗಿದ್ದ. ಉಮರ್ಗಾ ಕಡೆಯ ಒಂದು ಊರಲ್ಲಿ, ಎರಡು ಮೊಳ ದಪ್ಪದ ಕಲ್ಲುಮಣ್ಣಿನ ಗೋಡೆಯ ಮನೆಯಲ್ಲಿ ಆಕೆ ಮತ್ತು ಆಕೆಯ ಒಬ್ಬನೇ ಮಗ ಬಸು ಇರುತ್ತಿದ್ದರು. ಬೇಸಿಗೆಯಲ್ಲೂ ತಣ್ಣಗಿರುತ್ತಿದ್ದ ಮನೆ ಅದು. ಮಾಳಿಗೆಯ ಮೇಲೆ ನಾವು ಓಡಿದರೆ ಕೆಳಗೆ ಸಣ್ಣಗೆ ಮಣ್ಣುದುರುತ್ತಿತ್ತು, ದೊಡ್ಡವ್ವ ಹಿಟ್ಟಿನ ಪರಾತಕ್ಕೆ ಸೆರಗು ಅಡ್ಡ ಹಿಡಿದು ಬೈಯುತ್ತಿದ್ದಳು. ಆ ದಿನ ಊರಲ್ಲಿ ಗಣಪತಿ ಕಳಿಸುವುದಿತ್ತು. ಅವ್ವ ನನ್ನನ್ನು ಉದಗೀರದಿಂದ ಕರೆದುಕೊಂಡು ಹೋಗಿದ್ದಳು. ನನಗಾಗ ಆರು ವರ್ಷ, ಬಸುವಿಗೆ ಎಂಟು. ದೊಡ್ಡವ್ವ ದೇವರ ಜಗಲಿಗೆ ಸುಣ್ಣ ಬಳಿದು ಕೈ ತೊಳೆಯುವಷ್ಟರಲ್ಲಿ ಬಸು ಗುಲಾಲು ಮೆತ್ತಿಕೊಂಡು ಒಳಗೆ ಬಂದ. ಕೊರಳಿನ ಲಿಂಗದ ದಾರ ಹರಿಯುವ ಹಾಗಾಗಿತ್ತು. ಆಕೆ ಅದನ್ನು ಬಿಚ್ಚಿ, ಲಿಂಗವನ್ನು ಒದ್ದೆ ಸುಣ್ಣದ ಜಗಲಿಯ ಮೇಲೆ ವಿಭೂತಿಯ ಪಕ್ಕ ಇಟ್ಟಳು. ಹುಟ್ಟಿದಾಗ ಕಟ್ಟಿದ್ದನ್ನು ಹಾಗೆ ಬಿಚ್ಚಿಡಬಾರದೆಂದು ಅವ್ವ ಮೆಲ್ಲಗೆ ಅಂದಳು. ದೊಡ್ಡವ್ವ ನಕ್ಕಳು.

"ಒಂದ್ ರಾತ್ರಿಗಿ ಏನಾಗ್ತದ ತಂಗಿ? ಮುಂಜಾನಿ ಹೊಸಾ ದಾರ ಕಟ್ತೀನಿ."

ಸಂಜೆಯ ಬಸ್ಸಿಗೆ ನಾವು ಉದಗೀರಕ್ಕೆ ವಾಪಸಾದೆವು. ಆ ರಾತ್ರಿ ಭೂಮಿ ನಡುಗಿತು. ಬೆಳಗಾದಾಗ ಆ ಊರು ಇರಲಿಲ್ಲ. ದೊಡ್ಡವ್ವನನ್ನು ಮಾರನೇ ಸಂಜೆ ಕಲ್ಲುಗಳ ಕೆಳಗಿಂದ ಜೀವಂತ ತೆಗೆದರು. ಬಲಗೈಯ ಎರಡು ಬೆರಳು ಜಜ್ಜಿಹೋಗಿದ್ದವು. ಬಸುವನ್ನು ತೆಗೆದಾಗ ಅವನಲ್ಲಿ ಜೀವವಿರಲಿಲ್ಲ. ನಮ್ಮಲ್ಲಿ ಸುಡುವುದಿಲ್ಲ. ಸತ್ತವರನ್ನು ಕೂರಿಸಿ, ಅಂಗೈಯಲ್ಲಿ ಅವರ ಲಿಂಗವಿಟ್ಟು ಮಣ್ಣು ಮಾಡುತ್ತೇವೆ. ಆದರೆ ಆ ವಾರ ಮಳೆ ಬಿಡಲಿಲ್ಲ, ಹೆಣಗಳು ಮುಗಿಯಲಿಲ್ಲ. ಬಿದ್ದ ಮನೆಗಳ ತೊಲೆ ಜಂತಿಗಳನ್ನೇ ಒಟ್ಟಿ ಎಲ್ಲರನ್ನೂ ಒಟ್ಟಿಗೆ ಸುಟ್ಟರು. ಬಸುವನ್ನು ಎತ್ತಿಟ್ಟವನು ನನ್ನ ಅಪ್ಪ. ಆ ಮಾತನ್ನು ಅಪ್ಪ ಬದುಕಿರುವ ತನಕ ಬಾಯಿ ಬಿಟ್ಟು ಹೇಳಲಿಲ್ಲ. ಎಂಟು ದಿನದ ಮೇಲೆ ಜಗಲಿಯ ಕಲ್ಲಿನ ಕೆಳಗೆ ಲಿಂಗ ಸಿಕ್ಕಿತು, ಅದರ ಮೇಲಿನ ಕರಿ ಲೇಪ ಒಂದು ಕಡೆ ಚಕ್ಕೆ ಎದ್ದಿತ್ತು. ಆಸ್ಪತ್ರೆಯಿಂದ ಬಂದ ದೊಡ್ಡವ್ವ ಅದನ್ನು ಬಟ್ಟೆಯಲ್ಲಿ ಸುತ್ತಿ ತನ್ನ ಲಿಂಗದ ಪಕ್ಕದಲ್ಲೇ ಕೊರಳಿಗೆ ಕಟ್ಟಿಕೊಂಡಳು.

ಅಲ್ಲಿಂದ ಆಕೆ ಉದಗೀರದ ನಮ್ಮ ಮನೆಯಲ್ಲೇ ಇದ್ದಳು. ಮಲಗುವುದು ಮಾತ್ರ ಅಂಗಳದಲ್ಲಿ, ತಗಡಿನ ಕೆಳಗೆ. ಚಳಿಗಾಲದಲ್ಲಿ ಎರಡು ಕೌದಿ ಹೊದ್ದು ಹೊರಗೇ ಇರುತ್ತಿದ್ದಳು, ಒಳಗೆ ಕರೆದರೆ ಕೇಳಿಸದವಳ ಹಾಗೆ ಕೌದಿ ಎಳೆದುಕೊಳ್ಳುತ್ತಿದ್ದಳು. ಸೊಟ್ಟ ಬೆರಳುಗಳಿಂದ ನನ್ನ ತಲೆ ಬಾಚುತ್ತಿದ್ದಳು. ಜಡೆಯ ತುದಿಗೆ ಬಂದಾಗ, ಗಂಟು ಹಾಕಲು ಬರುವುದಿಲ್ಲವೆಂದು ನನ್ನ ಕೈಗೇ ರಿಬ್ಬನ್ ಕೊಡುತ್ತಿದ್ದಳು. ಬಸುವಿನ ಲಿಂಗ ಏನು ಮಾಡುವುದೆಂಬ ಮಾತು ವರ್ಷಕ್ಕೊಮ್ಮೆಯಾದರೂ ಬರುತ್ತಿತ್ತು. ಶ್ರೀಶೈಲದಲ್ಲಿ ಹೊಳೆಗೆ ಬಿಡಿ ಎಂದು ಮಠದ ಸ್ವಾಮಿಗಳು ಹೇಳಿದ್ದರು. ಬಿದ್ದ ಊರಿನ ಹೊಲದಲ್ಲೇ ಹುಗಿಯೋಣ ಎಂದು ಅಪ್ಪ ಒಮ್ಮೆ ಅಂದದ್ದಕ್ಕೆ ದೊಡ್ಡವ್ವ ಊಟದ ತಾಟು ಸರಿಸಿದಳು. "ನುಂಗಿದ ಮಣ್ಣಿಗೇ ಮತ್ತ ಕೊಡ್ಲ್ಯಾ?" ಎಂದಳು. ಕೊನೆಗೆ, ನಾನು ಹದಿನಾಲ್ಕರವಳಾದಾಗ, ಹೊಳೆಗೆ ಬಿಡಲು ಒಪ್ಪಿದಳು. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಹೊರಟ ಒಂದು ಟ್ರ್ಯಾಕ್ಸ್ ಗಾಡಿಯಲ್ಲಿ ಅಪ್ಪ, ಅವ್ವ, ದೊಡ್ಡವ್ವ, ನಾನು ಸೇರಿಕೊಂಡೆವು. ಉಳಿದವರೆಲ್ಲ ನಿಲಂಗಾದವರು.

ಎರಡನೇ ದಿನ ಬೆಳಿಗ್ಗೆ ಧರ್ಮಶಾಲೆಯ ನಲ್ಲಿಯಲ್ಲಿ ಮಿಂದು ಬಂದು ದೊಡ್ಡವ್ವ ಎರಡೂ ಲಿಂಗಕ್ಕೆ ಹೊಸ ಬಿಳಿ ಬಟ್ಟೆ ಸುತ್ತಿದಳು. ನನ್ನ ಮುಂದೆ ಹಿಡಿದು, ತನ್ನದಕ್ಕೆ ಒಂದು ಗಂಟು, ಬಸುವಿನದಕ್ಕೆ ಎರಡು ಗಂಟು ಹಾಕು, ನೀರಿಗೆ ಬಿಡುವಾಗ ತಪ್ಪಬಾರದು ಅಂದಳು. ಹೊರಗೆ ಗಾಡಿಯವನು ಹಾರ್ನ್ ಹೊಡೆಯುತ್ತಿದ್ದ. ನನ್ನ ಒಂದು ಚಪ್ಪಲಿ ಸಿಕ್ಕಿರಲಿಲ್ಲ. ನಾನು ಗಡಬಡಿಸಿ ಕಟ್ಟಿದೆ.

ದಾರಿಯಲ್ಲಿ ಆಂಧ್ರದ ಬಟಾಬಯಲಲ್ಲಿ ಗಾಡಿ ನಿಂತಿತು. ನೆಲದೊಳಗೆ ಸುಣ್ಣಕಲ್ಲಿನ ಗುಹೆಯಿದೆ, ಲೈಟು ಹಾಕಿದ್ದಾರೆ, ಜನ ದೂರದೂರದಿಂದ ನೋಡಲು ಬರುತ್ತಾರೆ ಎಂದ ಡ್ರೈವರ್. ಗುಡ್ಡ ಇಲ್ಲ, ಬಂಡೆ ಇಲ್ಲ, ಹೊಲದ ನಡುವೆ ಬಾವಿಯಂಥ ಒಂದು ತೆರೆದ ಬಾಯಿ, ಅದರೊಳಗೆ ಇಳಿಯುವ ಕಬ್ಬಿಣದ ಮೆಟ್ಟಿಲು. ನಿಲಂಗಾದ ಗುರುಲಿಂಗ ಕಾಕಾ ಬಗ್ಗಿ ನೋಡಿ, "ಟಿಕೀಟ್ ತಗೊಂಡು ನೆಲದಾಗ ಹೋಗಾದ್ಯಾಕೋ? ಒಂದಿನ ಪುಕ್ಕಟೇ ಒಯ್ತಾರ" ಅಂದ. ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ನೀವು ಇಲ್ಲೇ ಬೇವಿನ ನೆರಳಿಗೆ ಕೂತಿರಿ ವೈನಿ ಎಂದು ದೊಡ್ಡವ್ವನಿಗೆ ಹೇಳಿದ. ಆಕೆ ಆ ಬಾಯನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಕೈ ಹಿಡಿದು ಮೆಟ್ಟಿಲು ಇಳಿಯತೊಡಗಿದಳು. ಎಂಟು ವರ್ಷದಿಂದ ನಮ್ಮ ಮನೆಯ ಪಡಸಾಲೆಯಲ್ಲಿ ಮಲಗಲು ಒಪ್ಪದವಳು.

ಒಳಗೆ ಸೆಕೆ. ಸೀರೆ, ಲಂಗ ಎಲ್ಲ ಮೈಗೆ ಅಂಟಿದವು. ಹಳದಿ ದೀಪಗಳಲ್ಲಿ ಕಲ್ಲು ಹಸಿಯಾಗಿ ಹೊಳೆಯುತ್ತಿತ್ತು, ನೀರು ಹರಿದು ಹರಿದು ತೀಡಿದ ಗೋಡೆಗಳು ಎರಡೂ ಕಡೆಯಿಂದ ಒತ್ತಿ ಬರುತ್ತಿದ್ದವು. ಕೆಲವು ಕಡೆ ಬಗ್ಗಿಕೊಂಡೇ ಹೋಗಬೇಕಿತ್ತು. ದೊಡ್ಡವ್ವನ ಅಂಗೈ ಬೆವರಿ ನನ್ನ ಕೈಯೊಳಗೆ ಜಾರುತ್ತಿತ್ತು, ಆಕೆಯ ಉಸಿರಾಟ ನನಗೆ ಕೇಳುತ್ತಿತ್ತು. ಅಪ್ಪ ಹಿಂದೆಯೇ ಇದ್ದ, ಎರಡು ಸಲ ತಿರುಗಿ ಹೋಗೋಣವೇ ಎಂದು ಕೇಳಿದ. ಎಲ್ಲಕ್ಕಿಂತ ಒಳಗಿನ ಒಂದು ಕೋಣೆಯಲ್ಲಿ ಮೇಲಿಂದ ಇಳಿಬಿದ್ದ ಕಲ್ಲುಗಳು, ಕೆಳಗಿಂದ ಎದ್ದ ಕಲ್ಲುಗಳು, ಎಲ್ಲವೂ ಲಿಂಗದ ಆಕಾರದವು, ಎಣಿಸಲಾಗದಷ್ಟು. ಜನ ಕೈ ಮುಗಿದರು. ದೊಡ್ಡವ್ವ ಮಾತ್ರ ಚಾವಣಿಯನ್ನು ನೋಡುತ್ತ ನಿಂತಳು. ಆಮೇಲೆ ಗೈಡನಿಗೆ ನಮ್ಮ ಕಡೆ ನಿಜಾಮರ ಕಾಲದಿಂದ ಉಳಿದ ಉರ್ದುವಿನಲ್ಲಿ, ಇದು ಯಾವತ್ತಾದರೂ ಬಿದ್ದಿದೆಯಾ ಎಂದು ಕೇಳಿದಳು. ಅವನು ನಕ್ಕ. ಲಕ್ಷಾಂತರ ವರ್ಷದಿಂದ ಹೀಗೇ ನಿಂತಿದೆ ಅಮ್ಮಾ, ಯಾರ ಮೇಲೂ ಒಂದು ಕಲ್ಲೂ ಬಿದ್ದಿಲ್ಲ ಅಂದ. ಆಕೆ ಇನ್ನೊಮ್ಮೆ ಕೇಳಿದಳು. ಅವನು ಇನ್ನೊಮ್ಮೆ ಹೇಳಿದ. ಆಗ ಆಕೆ ನನ್ನ ಕಿವಿಯ ಹತ್ತಿರ ಬಂದು ಅಂದಳು:

"ಶಾಂತೂ, ಇದು ಬೀಳದ ಮನಿ. ಬಸೂಗ ಇಲ್ಲೇ ಮಣ್ಣ ಕೊಡ್ತೀನಿ. ನಿಮ್ಮಪ್ಪಗ ಹೇಳಬ್ಯಾಡ."

ನಾನು ಏನಾದರೂ ಹೇಳುವಷ್ಟರಲ್ಲಿ, ನಿಜವಾದ ಕತ್ತಲೆ ಹೇಗಿರುತ್ತದೆ ತೋರಿಸುತ್ತೇನೆಂದು ಗೈಡ್ ದೀಪ ಆರಿಸಿದ. ಅಂಥ ಕತ್ತಲೆಯನ್ನು ನಾನು ನೋಡಿರಲಿಲ್ಲ. ನಿಲಂಗಾದ ಒಬ್ಬಾಕೆ ಅಳುವುದಕ್ಕೆ ಶುರು ಮಾಡಿದಳು, ಅವಳೂ ಆ ದಿನ ಕಲ್ಲಿನ ಕೆಳಗಿದ್ದವಳಂತೆ. ಲೈಟ್ ಹಾಕೋ ಎಂದು ಅಪ್ಪ ಕನ್ನಡದಲ್ಲೇ ಗದರಿದ. ದೊಡ್ಡವ್ವನ ಕೈ ನನ್ನ ಕೈ ಬಿಟ್ಟಿತು. ಅವಳ ಸೆರಗು ಹುಡುಕಿ ಹಿಡಿದೆ. ಸೆರಗು ಕೆಳಕ್ಕೆ ಎಳೆಯಿತು, ಆಕೆ ಕೂತಿದ್ದಳು. ಬೆರಳುಗಳು ಕೆಸರು ಕೆದರುವ ಸಪ್ಪಳ ನನ್ನ ಕಾಲ ಬಳಿಯೇ ಕೇಳಿತು. ದೀಪ ಬಂದಾಗ ಆಕೆ ಎದ್ದು ನಿಂತಿದ್ದಳು, ಉಗುರುಗಳಲ್ಲಿ ಕೆಂಪು ಮಣ್ಣು. ಅಳುತ್ತಿರಲಿಲ್ಲ. ಅಷ್ಟು ಹಗುರವಾದ ಮುಖವನ್ನು ನಾನು ಆಕೆಯಲ್ಲಿ ಮೊದಲ ಸಲ ನೋಡಿದೆ.

ಮೇಲೆ ಬೇವಿನ ನೆರಳಲ್ಲಿ ಅವ್ವ ನೀರಿನ ತಂಬಿಗೆ ಕೊಟ್ಟಳು. ಕುಡಿಯುವ ಮುಂಚೆ ದೊಡ್ಡವ್ವ ಎಂದಿನಂತೆ ಕೊರಳಿನ ಲಿಂಗಕ್ಕೆ ಕೈ ಹಾಕಿದಳು, ಹಣೆಗೆ ಒತ್ತಿಕೊಳ್ಳಲು ಬಟ್ಟೆ ಬಿಚ್ಚಿದಳು. ಒಳಗಿದ್ದುದರ ಒಂದು ಕಡೆ ಚಕ್ಕೆ ಎದ್ದಿತ್ತು. ಅದು ಬಸುವಿನದು, ಕತ್ತಲೆಯಲ್ಲಿ ಹುಗಿದು ಬಂದದ್ದು ಆಕೆಯದೇ. ಆಕೆ ತಂಬಿಗೆ ಕೆಳಗಿಟ್ಟಳು. ಗಾಳಿಗೆ ಬೇವಿನ ಹೂ ನೀರಿಗೆ ಉದುರುತ್ತಿತ್ತು. ನನ್ನ ಕಡೆ ನೋಡಿ ಕೇಳಿದಳು.

"ಎಷ್ಟ್ ಗಂಟ್ ಹಾಕಿದ್ದಿ, ಶಾಂತೂ?"

ನಾನು ಬಟ್ಟೆ ಎತ್ತಿ ನೋಡಿದೆ. ಬಿಚ್ಚಿದ ಮೇಲೆ ಎಷ್ಟು ಗಂಟಿತ್ತೆಂಬ ಗುರುತಿರಲಿಲ್ಲ. ತಪ್ಪಿದ್ದು ನನ್ನ ಗಂಟೋ, ಆಕೆಯ ಸ್ಪರ್ಶವಿಲ್ಲದ ಬೆರಳುಗಳೋ, ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ವಿಷಯ ತಿಳಿದ ಅಪ್ಪ ಬಯ್ಯಲಿಲ್ಲ, ಗೈಡನನ್ನು ಕರೆದುಕೊಂಡು ಬ್ಯಾಟರಿ ಹಿಡಿದು ಮತ್ತೆ ಇಳಿದ. ಗಾಡಿಯವನು ಹಾರ್ನ್ ಹೊಡೆದ, ನಿಲಂಗಾದವರು ಗೊಣಗಿದರು, ಗುರುಲಿಂಗ ಕಾಕಾ ಅವರನ್ನು ಸುಮ್ಮನಿರಿಸಿ ದೊಡ್ಡವ್ವನ ಎದುರು ನೆಲದ ಮೇಲೆ ಕೂತ. ತನ್ನ ಲಿಂಗವಿಲ್ಲದೆ ಆಕೆ ಹನಿ ನೀರನ್ನೂ ಮುಟ್ಟುವವಳಲ್ಲ ಎಂದು ಅವನಿಗೆ ಗೊತ್ತಿತ್ತು. ಬಿಸಿಲು ಏರಿತು. ಆಕೆಯ ತುಟಿ ಬಿಳಚಿಕೊಂಡವು. ಅಪ್ಪ ಮೇಲೆ ಬಂದಾಗ ಮೊಣಕೈವರೆಗೆ ಕೆಸರಿತ್ತು, ಕೈ ಖಾಲಿ ಇತ್ತು. ಆ ಕೋಣೆಯಲ್ಲಿ ಅಷ್ಟರೊಳಗೆ ಇನ್ನೂ ಎರಡು ಬಸ್ಸಿನ ಜನ ನಡೆದಾಡಿದ್ದರು. ಆಕೆ ಎಲ್ಲಿ ಕೂತಿದ್ದಳೆಂದು ಗುರುತು ಸಿಗಲಿಲ್ಲ.

"ಸಿಗಲಿಲ್ರಿ, ವೈನಿ" ಅಂದ ಅಪ್ಪ. ನಾನು ಅಪ್ಪ ಅತ್ತದ್ದನ್ನು ನೋಡಿದ್ದು ಅದೊಂದೇ ಸಲ. ಆಕೆ ಅವನ ಕೆಸರಿನ ಕೈಯನ್ನು ತನ್ನ ಸೆರಗಿನಿಂದ ಒರೆಸಿದಳು.

ಮರುದಿನ ಶ್ರೀಶೈಲ ಮುಟ್ಟಿ, ಅಲ್ಲಿಯ ಸ್ವಾಮಿಗಳು ಹೊಸ ಲಿಂಗ ಕಟ್ಟುವ ತನಕ ಆಕೆ ನೀರು ಕುಡಿಯಲಿಲ್ಲ. ಹೊಳೆಯ ದಂಡೆಯಲ್ಲಿ ಬಸುವಿನದನ್ನು ಬಿಡಿಸಲು ಯಾರೂ ಮುಂದಾಗಲಿಲ್ಲ. ಎರಡನ್ನೂ ಕಟ್ಟಿಕೊಂಡೇ ಉದಗೀರಕ್ಕೆ ಬಂದಳು. ಅಪ್ಪ ಹೋದ, ಅವ್ವ ಹೋದಳು. ಹೋದ ಶ್ರಾವಣದಲ್ಲಿ ದೊಡ್ಡವ್ವ ಅಂಗಳದ ಅದೇ ತಗಡಿನ ಕೆಳಗೆ ತೀರಿಹೋದಳು. ಅದಕ್ಕೂ ನಾಲ್ಕು ದಿನ ಮುಂಚೆ ಬಸುವಿನದನ್ನು ಬಿಚ್ಚಿ ನನ್ನ ಕೈಯಲ್ಲಿಟ್ಟು, ಇದನ್ನು ನನ್ನ ಕೂಡ ಮಣ್ಣಿಗಿಡಬೇಡ, ಆ ಬೀಳದ ಮನೆಗೇ ಒಯ್ದು ಕೊಡು ಎಂದಿದ್ದಳು. ಮಾಘದಲ್ಲಿ ಹೋದೆ. ಟಿಕೀಟು ತೆಗೆಸಿದೆ, ಕಬ್ಬಿಣದ ಮೆಟ್ಟಿಲ ತನಕ ಹೋದೆ. ಆರನೇ ಮೆಟ್ಟಿಲಿನ ಮೇಲೆ ನನ್ನ ಕಾಲು ಮುಂದೆ ಹೋಗಲಿಲ್ಲ. ಹಿಂದಿನವರಿಗೆ ದಾರಿ ಬಿಟ್ಟು, ಲಿಂಗವನ್ನು ಹಿಡಿದುಕೊಂಡೇ ಮೇಲೆ ಬಂದು, ಬಸ್ಸು ಹತ್ತಿದೆ.

ಬಸುವಿಗೆ ಇನ್ನೂ ಮಣ್ಣಾಗಿಲ್ಲ.