ಚನ್ನವೀರಮ್ಮ ಟೀಚರ್ ಕಲಿತ ಕೈಮಾತು

ಕುರುಗೋಡಿನ ಚನ್ನವೀರಮ್ಮ ಕಿವುಡ ಮಕ್ಕಳಿಗೆ ಕಲಿಸುವ ತರಬೇತಿಯನ್ನು ಮೈಸೂರಿನಲ್ಲಿ ಮುಗಿಸಿ ಸಿರುಗುಪ್ಪಕ್ಕೆ ಬಂದದ್ದು ೧೯೭೬ರಲ್ಲಿ. ಅಕ್ಕಿ ಗಿರಣಿಯ ತಿಪ್ಪೇರುದ್ರಪ್ಪನವರು ತಮ್ಮ ಹಳೆಯ ಗೋದಾಮನ್ನು ಶಾಲೆಗೆ ಬಿಟ್ಟುಕೊಟ್ಟಿದ್ದರು. ಅಂಗಳ ದಾಟಿದರೆ ಕಾಲುವೆ. ಊರವರು ಅದನ್ನು ಮೂಗರ ಸಾಲಿ ಎಂದು ಕರೆದಾಗಲೆಲ್ಲ ಅವಳ ಮೈ ಉರಿಯುತ್ತಿತ್ತು.

“ನನ್ನ ಮಕ್ಕಳು ಮಾತಾಡ್ತಾವ, ನೋಡ್ತಿರ್ರಿ” ಎನ್ನುತ್ತಿದ್ದಳು.

ಅದಕ್ಕೆ ಅವಳು ಹಿಡಿದ ದಾರಿ ಒಂದೇ. ತರಗತಿಯಲ್ಲಿ ಯಾರೂ ಕೈಸನ್ನೆ ಮಾಡಕೂಡದು. ಕೈಗೆ ರೂಢಿಬಿದ್ದ ಮಗು ಬಾಯಿ ತೆರೆಯುವುದಿಲ್ಲ ಎಂದೇ ಅವಳಿಗೆ ತರಬೇತಿಯಲ್ಲಿ ಕಲಿಸಿದ್ದರು. ಮಕ್ಕಳು ಕೈ ಕಟ್ಟಿ ಕೂತು, ಅವಳ ತುಟಿ ನೋಡುತ್ತ, ಗಂಟಲ ಮೇಲೆ ಬೆರಳಿಟ್ಟು ಅದರ ನಡುಕವನ್ನು ಗುರುತಿಸುತ್ತ ಒಂದೊಂದೇ ಅಕ್ಷರ ನುಡಿಯಬೇಕಿತ್ತು. ಕೈ ಆಡಿಸಿ ಹೆಚ್ಚು ಏಟು ತಿಂದವಳು ಜಂಬಮ್ಮ. ಹತ್ತು ವರ್ಷದ ಈ ಹುಡುಗಿ, ಕಿವಿಯಲ್ಲಿ ಒಂಟಿ ಹಾಕಿಕೊಂಡ ಪುಟ್ಟ ಗಾದೆಪ್ಪನ ಜೊತೆ ಕೈಯಲ್ಲೇ ಊರೆಲ್ಲ ಮಾತಾಡಿ ಮುಗಿಸುತ್ತಿದ್ದಳು.

ಸರ್ಕಾರದ ನೆರವು ಕೊಡುವ ಮೊದಲು ಶಾಲೆ ನೋಡಲು ಬಳ್ಳಾರಿಯಿಂದ ಶಿಕ್ಷಣ ಇಲಾಖೆಯ ಸಾಹೇಬರು ಬರುವ ಹಿಂದಿನ ದಿನದ ಮಧ್ಯಾಹ್ನ. ಚನ್ನವೀರಮ್ಮ ದೊಡ್ಡ ಮಕ್ಕಳಿಂದ “ನನ್ನ ಊರು ಸಿರುಗುಪ್ಪ” ಎಂದು ಹೇಳಿಸುತ್ತಿದ್ದಳು. ಜಂಬಮ್ಮ ಅಂಗಳದಿಂದ ಓಡಿ ಬಂದು ಅವಳ ಮುಂದೆ ಎರಡೂ ಕೈ ಆಡಿಸತೊಡಗಿದಳು.

ಚನ್ನವೀರಮ್ಮ ಆ ಕೈಗಳನ್ನು ಗಪ್ಪನೆ ಹಿಡಿದಳು. “ಕೈ ಬ್ಯಾಡ. ಬಾಯಿಲೆ ಹೇಳು.”

“ಆ... ಆ...”

“ನಿಧಾನಕ್ಕ. ನನ್ನ ತುಟಿ ನೋಡು.”

ಹುಡುಗಿ ಕೊಸರಾಡಿದಳು. ಟೀಚರ್ ಹಿಡಿತ ಬಿಗಿ ಮಾಡಿದಳು. ಜಂಬಮ್ಮ ತಲೆ ಬಗ್ಗಿಸಿ ಅವಳ ಮುಂಗೈ ಕಚ್ಚಿಬಿಟ್ಟಳು. ನೋವಿಗೆ ಟೀಚರ್ ಕೈ ಬಿಟ್ಟದ್ದೇ ತಡ, ಹುಡುಗಿ ತನ್ನ ಕಿವಿಯ ತುದಿ ಹಿಡಿದು ತೋರಿಸಿದಳು, ಅಂಗೈಯಿಂದ ನೆಲದ ಮೇಲೆ ಕುಳ್ಳ ಎತ್ತರ ಅಳೆದಳು, ಆಮೇಲೆ ಆ ಅಂಗೈಯನ್ನು ಮೆಲ್ಲಗೆ ಕೆಳಗೆ, ಇನ್ನೂ ಕೆಳಗೆ ಇಳಿಸಿದಳು.

ಚನ್ನವೀರಮ್ಮನಿಗೆ ಅರ್ಥವಾಯಿತು: ಕಿವಿಯ ಒಂಟಿ, ಕುಳ್ಳ ಹುಡುಗ, ಕಾಲುವೆ. ಗಾದೆಪ್ಪ!

ಓಡಿದಳು. ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ದಂಡೆಯಲ್ಲಿ ಯಾರೂ ಇಲ್ಲ. ಅಷ್ಟು ದೂರದಲ್ಲಿ ಜಾಲಿಯ ಕೊಂಬೆಯೊಂದು ನೀರಿಗೆ ಬಾಗಿದ ಕಡೆ ಬಿಳಿ ಅಂಗಿ ಕಂಡಿತು. ಹುಡುಗ ಕೂಗುತ್ತಿರಲಿಲ್ಲ.

“ಎರ್ರಣ್ಣಾ! ಬರ್ರೋ, ಹುಡುಗ ನೀರಾಗದಾನ!”

ಗಿರಣಿಯ ಹಮಾಲಿ ಎರ್ರಣ್ಣ ಹೆಗಲ ಮೇಲಿನ ಚೀಲವನ್ನು ಅಲ್ಲೇ ಒಗೆದು ಬಂದು ನೀರಿಗೆ ಹಾರಿದ. ದಂಡೆಗೆ ತಂದು ಬೋರಲು ಮಲಗಿಸಿ ಬೆನ್ನು ಒತ್ತಿದಾಗ ನೀರು ಬಂತು, ಉಸಿರು ಬರಲಿಲ್ಲ. ಮತ್ತೆ ಒತ್ತಿದ. ಚನ್ನವೀರಮ್ಮ ಹುಡುಗನ ಅಂಗಾಲು ತಿಕ್ಕಿದಳು. ಕೊನೆಗೆ ಹುಡುಗ ಕೆಮ್ಮಿದ.

ಕಣ್ಣು ಬಿಟ್ಟವನೇ ಗಾದೆಪ್ಪ ಜಂಬಮ್ಮನಿಗೆ ಬೆರಳಾಡಿಸಿ ಏನನ್ನೋ ಕೇಳಿದ.

“ಏನಂತವ್ವಾ ಅವ?” ಎಂದು ಚನ್ನವೀರಮ್ಮ ತಿರುಗಿದಳು. ಜಂಬಮ್ಮ ಹೆದರಿ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಅದನ್ನು ನೋಡಿ ಟೀಚರಿಗೆ ಅಳು ತಡೆಯಲಾಗಲಿಲ್ಲ.

ಮರುದಿನ ಸಾಹೇಬರ ಎದುರು ಮಕ್ಕಳು ಬಾಯಿಂದಲೂ ಹೇಳಿದರು, ಕೈಯಿಂದಲೂ ಹೇಳಿದರು. ಸಾಹೇಬರ ಮುಖ ಗಂಟಾಯಿತು.

“ಇದು ಸಿಲಬಸ್‌ನಲ್ಲಿ ಇಲ್ಲವಲ್ಲಮ್ಮ?”

“ಇಲ್ರಿ ಸರ್. ಆದ್ರ ನಿನ್ನಿ ಇದ ಒಂದು ಜೀವ ಉಳಿಸೇತಿ. ಬಿಡಿಸಾಕ ನನ್ನ ಕೈಲಿ ಆಗಂಗಿಲ್ರಿ.”

ಆ ವರ್ಷ ಸರ್ಕಾರದ ನೆರವು ಬರಲಿಲ್ಲ. ತಿಪ್ಪೇರುದ್ರಪ್ಪನವರು ಗೊಣಗಿದರು, ಆದರೆ ಕಾಲುವೆಯ ಕಡೆಗೆ ಮುಳ್ಳುತಂತಿಯ ಬೇಲಿ ಹಾಕಿಸಿದರು, ಶಾಲೆ ಮುಚ್ಚಲಿಲ್ಲ. ಬೆಳಿಗ್ಗೆ ತುಟಿಯ ಪಾಠ ನಡೆಯುತ್ತಿತ್ತು. ಮಧ್ಯಾಹ್ನ ಚನ್ನವೀರಮ್ಮ ಜಂಬಮ್ಮನ ಎದುರು ಚಾಪೆಯ ಮೇಲೆ ಕೂತು ಕೈಮಾತು ಕಲಿಯುತ್ತಿದ್ದಳು. ತಪ್ಪು ಮಾಡಿದರೆ ಹುಡುಗಿ ಹೊಟ್ಟೆ ಹಿಡಿದು ನಗುತ್ತಿದ್ದಳು.

ಜಂಬಮ್ಮ ಎರಡನೇ ಸಲಕ್ಕೆ ಏಳನೇ ತರಗತಿ ಪಾಸಾಗಿ ಬಳ್ಳಾರಿಯಲ್ಲಿ ಹೊಲಿಗೆ ಕೆಲಸಕ್ಕೆ ಸೇರಿದಳು. ಚನ್ನವೀರಮ್ಮ ಆ ಕಡೆ ಹೋದಾಗಲೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ನಿಂತು ಮಾತಾಡುತ್ತಿದ್ದರು. ಸುತ್ತಲಿನ ಜನ ನಿಂತು ನೋಡುತ್ತಿದ್ದರು. ಅವರಿಬ್ಬರಿಗೂ ಅದರ ಪರಿವೆ ಇರುತ್ತಿರಲಿಲ್ಲ.