ಮುಂದಿನ ಹಾಜರಿ ಪಟ್ಟಿ

ಡಾಲಸ್ ಬಳಿಯ ಲಾಸ್ ಕೊಲಿನಾಸ್‌ನಿಂದ ಹೊರಟಾಗ ಬೆಳಗಿನ ಏಳು ಗಂಟೆ. ಬಿಸಿಲು ಆಗಲೇ ಧಾರವಾಡದ ಏಪ್ರಿಲ್ ಮಧ್ಯಾಹ್ನದಷ್ಟಿತ್ತು. ಆಸ್ಟಿನ್‌ಗೆ ಇನ್ನೂರು ಮೈಲಿ, ಅಲ್ಲಿಂದ ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡ್‌ಗೆ ನೂರೈವತ್ತರ ಮೇಲೆ. ಡ್ರೈವ್ ಮಾಡುತ್ತಿದ್ದವಳು ಮಗಳು ಸುಧಾ. ಶುಗರ್ ಲ್ಯಾಂಡ್‌ನಲ್ಲಿ ಅವಳ ಅತ್ತೆ, ಅಂದರೆ ನನ್ನ ಬೀಗಿತ್ತಿ ಕ್ಯಾರೊಲಿನ್, ಮರುದಿನ ತಮ್ಮ ಮುತ್ತಜ್ಜನ ತಂದೆಯ ಸಮಾಧಿಗೆ ಹೊಸ ಕಲ್ಲು ನಿಲ್ಲಿಸುವವರಿದ್ದರು.

ಆ ಹಿರಿಯ, ಜೋಸೆಫ್, 1860ರ ದಶಕದ ಅಮೆರಿಕದ ಅಂತರ್ಯುದ್ಧದಲ್ಲಿ ಟೆಕ್ಸಾಸ್‌ನ ಸ್ವಯಂಸೇವಕ ಕಾಲಾಳು ರೆಜಿಮೆಂಟೊಂದರ ಸಿಪಾಯಿ. ಟೆಕ್ಸಾಸ್ ಆಗ ಗುಲಾಮಗಿರಿ ಉಳಿಸಿಕೊಳ್ಳಲು ಬಂದೂಕು ಹಿಡಿದವರ ಪಕ್ಷದಲ್ಲಿತ್ತು. ಅದಕ್ಕಾಗಿ ಹೋರಾಡಲಾರೆನೆಂದು ಆತ ಓಡಿಹೋದ ಎಂಬುದೇ ಬೀಗಿತ್ತಿಯ ಮನೆತನದ ಹೆಮ್ಮೆ. 'ರಜೆಯಿಲ್ಲದೆ ಗೈರುಹಾಜರು' ಎಂದಿರುವ ಹಾಜರಿ ಪಟ್ಟಿಯ ಒಂದು ಪುಟವನ್ನು ಅವರು ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದ್ದಾರೆ. ನನ್ನ ಮೊಮ್ಮಗಳು ಶಾಲೆಯಲ್ಲಿ ಆತನ ಕಥೆ ಹೇಳಿ ಚಪ್ಪಾಳೆ ಗಿಟ್ಟಿಸಿದ್ದಳು.

ನಾನು ಮೂವತ್ತು ವರ್ಷ ಸೈನ್ಯದ ದಾಖಲೆ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಮುಂದಿನ ಪಟ್ಟಿ ನೋಡದೆ ಯಾರ ಮೇಲೂ ಷರಾ ಬರೆಯಬಾರದು ಎಂಬುದು ನಾನು ಮೊದಲ ವಾರವೇ ಕಲಿತ ಪಾಠ. ಹಳೆಯ ಪಟ್ಟಿಗಳು ಆಸ್ಟಿನ್‌ನಲ್ಲಿ ನೋಡಲು ಸಿಗುತ್ತವೆಂದು ಕೇಳಿ, ಎರಡು ತಾಸು ನಿಲ್ಲಿಸು ಎಂದು ಮಗಳಿಗೆ ಗಂಟುಬಿದ್ದವನು ನಾನೇ. ಹಾಳು ಚಟ.

ದಾರಿಯಲ್ಲಿ ಚಪಾತಿ, ಶೇಂಗಾ ಚಟ್ನಿಯನ್ನು ಕಾರಿನಲ್ಲೇ ತಿಂದೆವು. ಆಸ್ಟಿನ್‌ನಲ್ಲಿ ಪಾರ್ಕಿಂಗ್‌ಗೆ ಹನ್ನೆರಡು ಡಾಲರ್. ದಾಖಲೆ ಕೋಣೆಯೊಳಗೆ ಪೆನ್ನು ಒಯ್ಯುವಂತಿಲ್ಲ, ಪೆನ್ಸಿಲ್ ಮಾತ್ರ. ಸ್ವೆಟರ್ ಬೇಕೆನಿಸುವಷ್ಟು ಚಳಿ. ಎರಡು ತಿಂಗಳಿಗೊಂದು ಪಟ್ಟಿ. ನಮ್ಮ ಕಚೇರಿಯಲ್ಲಿದ್ದಂಥವೇ ಗೆರೆಗಳು, ಅಂಕಣಗಳು. ಒಂದೊಂದು ಹೆಸರಿನ ಮುಂದೆ ದಡಾರ, ಜ್ವರ, ಭೇದಿ, ಮರಣ. ಎಷ್ಟೋ ಹುಡುಗರು ಯುದ್ಧ ಕಾಣುವ ಮೊದಲೇ ಬಿಡಾರದಲ್ಲಿ ಸತ್ತಿದ್ದರು.

ಫ್ರೇಮಿನಲ್ಲಿದ್ದ ಪುಟ ಸಿಕ್ಕಿತು. ಮುಂದಿನ ಪಟ್ಟಿ ತೆಗೆದೆ. ಜೋಸೆಫ್: 'ಹಾಜರು'. ಆತ ವಾಪಸು ಬಂದಿದ್ದ. ಅದರ ಮುಂದಿನದರಲ್ಲಿ, 'ತಪ್ಪಿಸಿಕೊಂಡ ಗುಲಾಮರನ್ನು ಹಿಡಿದು ತರುವ ಕೆಲಸಕ್ಕೆ ನಿಯೋಜಿತ'. ಆಮೇಲಿನ ಎರಡು ಪಟ್ಟಿಗಳಲ್ಲೂ ಅದೇ. ನಾಲ್ಕನ್ನೂ ಪೆನ್ಸಿಲಿನಲ್ಲಿ ನಕಲು ಮಾಡಿಕೊಂಡೆ.

ಶುಗರ್ ಲ್ಯಾಂಡ್ ದಾರಿಯುದ್ದಕ್ಕೂ ಸುಧಾ ಅದನ್ನೇ ಮಾತಾಡಿದಳು. "ಅತ್ತಿಯವರಿಗೆ ಹೇಳಬ್ಯಾಡ್ರಿ ಅಪ್ಪಾ. ಸಣ್ಣವರಿದ್ದಾಗಿಂದ ಇದನ್ನ ನಂಬ್ಯಾರ."

"ಕಲ್ಲಿನ ಮ್ಯಾಲೆ ಸುಳ್ಳು ಬರೀತಾರಲ್ಲವ್ವಾ," ಎಂದೆ.

"ನಿಮಗ ನೋಡ್ರಿ ಅಂತ ಯಾರು ಹೇಳಿದ್ರು?"

ರಾತ್ರಿ ಊಟಕ್ಕೆ ಬೀಗಿತ್ತಿ ನನಗೆಂದೇ ಅನ್ನ ಮಾಡಿದ್ದರು. ನಾನು ತಲೆ ತಗ್ಗಿಸಿ ಉಂಡೆ.

ಬೆಳಿಗ್ಗೆ ಸ್ಮಶಾನದಲ್ಲಿ ಇಬ್ಬರು ಆಳುಗಳು ಕಲ್ಲು ನಿಲ್ಲಿಸಲು ಗುಂಡಿ ತೋಡಿ ಕಾಯುತ್ತಿದ್ದರು. ಕಲ್ಲಿನ ಮೇಲೆ ಹೆಸರು, ಕೆಳಗೆ 'ಈತ ಬಂದೂಕು ಕೆಳಗಿಟ್ಟ' ಎಂಬ ಸಾಲು. ನಾವು ಆಸ್ಟಿನ್‌ನಲ್ಲಿ ಹಳೆಯ ಪಟ್ಟಿ ನೋಡಿ ಬಂದದ್ದು ಗೊತ್ತಿದ್ದ ಕ್ಯಾರೊಲಿನ್ ನನ್ನ ಕಡೆ ತಿರುಗಿ, "ಆಸ್ಟಿನ್‌ನಲ್ಲಿ ಇವರ ಬಗ್ಗೆ ಇನ್ನೇನಾದರೂ ಸಿಕ್ಕಿತೇ?" ಎಂದು ಕೇಳಿದರು. ಜೇಬಿನ ಕಾಗದ ಕೊಟ್ಟೆ.

ಅವರು ಎರಡು ಸಲ ಓದಿದರು. "ಇದು ಬೇರೆ ಜೋಸೆಫ್ ಇರಬಹುದಲ್ಲವೇ?"

"ಅದೇ ಕಂಪನಿ, ಅದೇ ಊರು, ಅದೇ ವಯಸ್ಸು. ಆ ಹೆಸರಿನವರು ಇನ್ನೊಬ್ಬರಿಲ್ಲ."

ಅವರು ಆಳುಗಳಿಗೆ ಗುಂಡಿ ಮುಚ್ಚಲು ಹೇಳಿದರು. "ಹೆಸರೊಂದೇ ಇರುವ ಕಲ್ಲು ಮಾಡಿಸುತ್ತೇನೆ," ಎಂದರು. "ಮೊಮ್ಮಗಳಿಗೆ ನೀವು ಹೇಳಬೇಡಿ. ಸುಳ್ಳು ಹೇಳಿಕೊಟ್ಟವಳು ನಾನು, ನಾನೇ ಹೇಳುತ್ತೇನೆ." ಕಾಗದವನ್ನು ಮಡಿಸಿ ಕೈಚೀಲಕ್ಕೆ ಹಾಕಿಕೊಂಡರು.

ಮಧ್ಯಾಹ್ನ ಡಾಲಸ್ ಕಡೆ ಹೊರಟೆವು. ಸ್ಮಶಾನದ ಬಳಿ ಕಾರು ತಿರುಗುವಾಗ ನೋಡಿದೆ, ಕಲ್ಲು ಹುಲ್ಲಿನಲ್ಲಿ ಬೋರಲಾಗಿ ಬಿದ್ದಿತ್ತು. ಓಡಿಹೋದ ಸಿಪಾಯಿಗಳ ಹೆಸರಿನ ಮುಂದೆ ನಾನು ಮೂವತ್ತು ವರ್ಷ ಕೆಂಪು ಶಾಯಿಯಲ್ಲಿ, ಸಿಟ್ಟಿನಿಂದಲೇ ಷರಾ ಬರೆದಿದ್ದೇನೆ. 'ಹಾಜರು' ಎಂಬ ಮಾತು ಓದಿ ದುಃಖಪಟ್ಟದ್ದು ಇದೊಂದೇ ಸಲ.