ನೀರಿಡಬಾರದ ನೀರಿನ ಕಪಾಟು

ಬೆಳಿಗ್ಗೆ ಎದ್ದು ಹಂಡೆಗೆ ಬೆಂಕಿ ಹಾಕಿದೆ. ನೀರುದೋಸೆ ಎರೆದೆ. ಬಟ್ಟೆ ಒಗೆದು ಹರವಿದೆ. ಗ್ಯಾಸ್ ಬುಕ್ ಮಾಡಿದೆ. ಕುಚ್ಚಲಕ್ಕಿ ಒಲೆಗಿಟ್ಟೆ. ಆಮೇಲೆ ಒಣ ಬಟ್ಟೆ ಹಿಡಿದು, ಮರದ ಗೆರೆ ಹೋದ ದಿಕ್ಕಿನಲ್ಲೇ ಕಪಾಟು ಒರೆಸಿದೆ. ಅಡ್ಡ ಒರೆಸುವಂತಿಲ್ಲ. ನಮ್ಮ ಯಜಮಾನರ ಆರ್ಡರ್.

(ಮಕ್ಕಳ ಮುಖವನ್ನೂ ನಾನು ಇಷ್ಟು ಜೋಪಾನವಾಗಿ ಒರೆಸಿದವಳಲ್ಲ.)

ಕಪಾಟು ಅಂದರೆ ನಮ್ಮ ಚಾವಡಿಯ ನೀರಿನ ಕಪಾಟು. ತೀರಿಹೋದ ಮಾವನವರು ಮಡಿಕೇರಿ ಕಡೆಯ ಒಂದು ಎಸ್ಟೇಟ್ ಬಂಗಲೆಯಲ್ಲಿ ಇಂಥದ್ದನ್ನು ನೋಡಿ ಬಂದು, ಇಲ್ಲೇ ಪಕ್ಕದ ಕುಂಬ್ರದ ಆಚಾರಿಯಿಂದ ಬೀಟಿ ಮರದಲ್ಲಿ ಮಾಡಿಸಿದ್ದು. ಉದ್ದಕ್ಕೆ, ತಗ್ಗಾಗಿ ಉಂಟು. ಹೊರಕ್ಕೆ ಓರೆಯಾಗಿ, ಕೆಳಗೆ ಹೋದ ಹಾಗೆ ಸಪೂರವಾಗುವ ಕಾಲುಗಳು. ಪಕ್ಕಕ್ಕೆ ಜಾರುವ ಬಾಗಿಲು. ಹಿಡಿ ಇಲ್ಲ, ಬೆರಳು ತೂರಿಸಲು ನಾಣ್ಯದ ಹಾಗೆ ಉರುಟು ಗುಳಿ ಮಾತ್ರ. ನಾನು ಮದುವೆಯಾಗಿ ಬಂದಾಗಿನಿಂದ ಅದರ ಮೇಲೆ ನೀರಿನ ಚೆಂಬು, ಬೆಲ್ಲದ ತಟ್ಟೆ. ಯಾರೇ ಮೆಟ್ಟಿಲು ಹತ್ತಿ ಬಂದರೂ ಮೊದಲು ಅದು, ಆಮೇಲೆ ಮಾತು.

ಹೋದ ವರ್ಷ ಇವರು ಫೋನಿನಲ್ಲಿ ಒಂದು ಫೋಟೋ ನೋಡಿದರು.

"ಇಲ್ಲಿ ನೋಡು ಮಾರಾಯ್ತಿ, ನಮ್ಮದೇ! ಮಿಡ್-ಸೆಂಚುರಿ ಮಾಡರ್ನ್ ಸೈಡ್‌ಬೋರ್ಡ್ ಅಂತೆ. ಡೆನ್ಮಾರ್ಕಿನ ಡಿಸೈನ್!"

"ನಮ್ಮದು ಕುಂಬ್ರದ್ದು" ಅಂದೆ. ಕೇಳುವವರು ಯಾರು?

ಕಪಾಟು ಮಂಗಳೂರಿಗೆ ರೆಸ್ಟೋರೇಶನ್‌ಗೆ ಹೋಯಿತು. ಮಳೆಗಾಲ ಮುಗಿದ ಮೇಲೆ ಬಂತು. ಚಂದವಾಗಿತ್ತು, ಸುಳ್ಳು ಹೇಳುದಿಲ್ಲ. ಮುಖ ಕಾಣುವಷ್ಟು ಹೊಳಪು. ಆದರೆ ಚೆಂಬು ಇಟ್ಟಿಟ್ಟು ಆದ ಬಿಳಿ ಉರುಟು ಕಲೆಗಳು ಮಾಯ. ಮೇಲ್ಹಲಗೆಯ ಸುತ್ತ ಇದ್ದ ಬೆರಳೆತ್ತರದ ಅಂಚುಪಟ್ಟಿಯೂ ಮಾಯ!

"ಫೋಟೋದಲ್ಲಿ ಅಂಚು ಇಲ್ಲ, ತೆಗೆಸಿದೆ. ಕ್ಲೀನ್ ಲೈನ್ ಬೇಕು. ಹೆರಿಟೇಜ್ ಅಲ್ವಾ?"

ಅಂದಿನಿಂದ ನೀರು, ಬೆಲ್ಲ ಅಡುಗೆಮನೆಗೆ ಗಡೀಪಾರು. ಕಪಾಟಿನ ಮೇಲೆ ಒಂದು ಖಾಲಿ ಹೂದಾನಿ. (ಹೂ ಇಡುವಂತಿಲ್ಲ. ಹೂವಿಗೆ ನೀರು ಬೇಕಲ್ಲ!)

ನಮ್ಮ ಮನೆ ಒಂದೇ ಅಲ್ಲ ಬಿಡಿ. ಪುತ್ತೂರಿನಲ್ಲಿ ಯಾರಲ್ಲಿಗೆ ಹೋದರೂ ಹಿಟ್ಟು ಕಡೆಯುವ ಕಲ್ಲಿನಲ್ಲಿ ಮನಿಪ್ಲಾಂಟ್, ಅಕ್ಕಿ ಅಳೆಯುವ ಸೇರಿನಲ್ಲಿ ಪೆನ್ನು. ಕೆಲಸ ಮಾಡುವ ವಸ್ತುವಿಗೆ ಒತ್ತಾಯದ ರಿಟೈರ್ಮೆಂಟ್ ಕೊಡುವುದನ್ನೇ ಹೆರಿಟೇಜ್ ಅನ್ನುವುದಾ?

ಇವತ್ತು ಮಧ್ಯಾಹ್ನ ಮಾವನವರ ತಂಗಿ ಕಲ್ಲುಗುಂಡಿ ಅತ್ತೆ ಬಂದರು. ಪುತ್ತೂರಿನಲ್ಲಿ ಕಣ್ಣು ತೋರಿಸಿಕೊಂಡು, ಬಿಸಿಲಿಗೆ ಬೆವರಿಳಿಸಿಕೊಂಡು. ಕೂತವರ ಕೈ ತಾನಾಗಿ ಕಪಾಟಿನ ಕಡೆ ಹೋಯಿತು. ಸಿಕ್ಕಿದ್ದು ಹೂದಾನಿ.

ನಾನು ಓಡಿ ಹೋಗಿ ಒಂದು ಕೈಯಲ್ಲಿ ಚೆಂಬು, ಇನ್ನೊಂದರಲ್ಲಿ ಬೆಲ್ಲ ತಂದೆ. ಚೆಂಬನ್ನು ಕಪಾಟಿನ ಮೇಲಿಡಲು ಬಗ್ಗಿದ್ದೇ ತಡ, ಇವರು ಓಡಿ ಬಂದು ಕೂಗಿಯೇಬಿಟ್ಟರು.

"ಅಲ್ಲಿ ಬೇಡ, ಅಲ್ಲಿ ಬೇಡ! ಪಾಲಿಶ್!"

ಅತ್ತೆ ಕೊಡೆ ಎತ್ತಿಕೊಂಡು ಎದ್ದರು. "ನಂಗೆ ನೀರು ಬೇಡ ಅಳಿಯ. ಬಸ್ಸಿಗೆ ಹೊತ್ತಾಯ್ತು. ನಿನ್ನ ಕಪಾಟು ಚಂದ ಇರ್ಲಿ."

ಈ ಮನೆಯಿಂದ ಯಾರೂ ಗಂಟಲು ಒಣಗಿಸಿಕೊಂಡು ಹೋದದ್ದಿಲ್ಲ. ಅದೂ ಈ ಮನೆಯಲ್ಲೇ ಹುಟ್ಟಿ ಬೆಳೆದವರು! ಹೂದಾನಿಯನ್ನು ಮೊಣಕೈಯಲ್ಲಿ ಸರಿಸಿ ಚೆಂಬನ್ನು ಕುಕ್ಕಿದೆ. ನೀರು ತುಳುಕಿತು. ತಡೆಯಲು ಅಂಚಿಲ್ಲ. ಸೀದಾ ಇವರ ಪಾದಕ್ಕೆ.

ಅತ್ತೆ ಬಗ್ಗಿ ನೋಡಿದರು. "ಅಂಚು ಎಲ್ಲಿ ಹೋಯ್ತು?"

"ಒರಿಜಿನಲ್ ಡಿಸೈನಲ್ಲಿ ಅದಿಲ್ಲ ಅತ್ತೆ" ಅಂದರು ಇವರು, ಕಾಲು ಕೊಡವುತ್ತಾ.

"ಒರಿಜಿನಲ್ ನಾನೂ ನೋಡಿದ್ದೇನೆ ಮಾರಾಯ. ಬಂಗಲೆಯಲ್ಲಿ ಅದರ ಮೇಲೆ ಬ್ರಾಂದಿ ಬಾಟ್ಲಿ ಇಡ್ತಿದ್ರು. ನಾವು ಇಡುದು ನೀರಲ್ವಾ? ಅದಕ್ಕೇ ಅಣ್ಣನಿಗೆ ಹೇಳಿ ನಾನೇ ಅಂಚು ಹೊಡೆಸಿದ್ದು."

"ಕೂತ್ಕೊಳ್ಳಿ ಅತ್ತೆ, ಕುಡೀರಿ" ಅಂದೆ. ಅತ್ತೆ ನನ್ನ ಮುಖ ನೋಡಿದರು. ಕೊಡೆ ಕೆಳಗಿಟ್ಟರು. ಬೆಲ್ಲ ಕಚ್ಚಿ, ಗಟಗಟ ಕುಡಿದು, ಚೆಂಬನ್ನು ಪುನಃ ಅಲ್ಲೇ ಇಟ್ಟರು. ಸದ್ಯ!

ರಾತ್ರಿ ಗಂಜಿ, ಹುರುಳಿ ಚಟ್ನಿ, ಸುಟ್ಟ ಹಪ್ಪಳ. ಬಸ್ಸು ಬಿಟ್ಟು ಉಳಿದ ಅತ್ತೆ ಎರಡು ಸಲ ಬಡಿಸಿಕೊಂಡರು. ಮೊದಲು ನಿದ್ದೆ ಹೋದವರೂ ಅವರೇ. ಇವರು ಮಾತ್ರ ಚಾವಡಿಯಲ್ಲಿ ಟಾರ್ಚ್ ಹಿಡಿದು, ಪಾಲಿಶಿನ ಮೇಲೆ ಮೂಡಿದ ಬಿಳಿ ಉರುಟನ್ನು ನೋಡುತ್ತಾ ನಿಂತಿದ್ದಾರೆ.

ಅಲ್ಲ ಮಾರಾಯ್ರೆ, ಡೆನ್ಮಾರ್ಕಿನಲ್ಲಿ ಯಾರಿಗೂ ಬಾಯಾರುದೇ ಇಲ್ಲವಾ?